ಉದಯೋನ್ಮುಖ ನಿರ್ದೇಶಕರ ಜಪಾನಿ ಸ್ವತಂತ್ರ ಚಿತ್ರಗಳ ತೀರ್ಪುಗಾರಿಕೆ: ಚಿತ್ರದುರ್ಗ ಸೀಮೆಯ ನೋಡುಗ ಪರಂಪರೆಯ ನೆಲೆಯಿಂದ

ಕಲಾಕೃತಿಯೊಂದನ್ನು ನೋಡುವುದು ಬೇರೆ, ಅದರ ಬಗ್ಗೆ ತೀರ್ಪು ಕೊಡುವುದು ಬೇರೆ. ನೋಡುವವನು ತನ್ನ ಸಂತೋಷಕ್ಕೆ ಮಾತ್ರ ಹೊಣೆಗಾರ. ತೀರ್ಪು ಕೊಡುವವನು ಇನ್ನೊಬ್ಬರ ಮುಂದಿನ ದಾರಿಗೂ ಹೊಣೆಗಾರನಾಗುತ್ತಾನೆ. ಕೃತಿಯನ್ನು ರಚಿಸಿದವರು ಹೊಸಬರಾಗಿದ್ದರೆ ಈ ಹೊಣೆ ಇಮ್ಮಡಿಯಾಗುತ್ತದೆ. ಆ ಕೃತಿ ಅನ್ಯ ಭಾಷೆ ಮತ್ತು ಅನ್ಯ ಸಂಸ್ಕೃತಿಗೆ ಸೇರಿದ್ದರಂತೂ ತೀರ್ಪುಗಾರನ ಅರಿವೇ ಪರೀಕ್ಷೆಗೆ ಒಳಗಾಗುತ್ತದೆ. ಜಪಾನಿನ ಉದಯೋನ್ಮುಖ ನಿರ್ದೇಶಕರ ಸ್ವತಂತ್ರ ಚಿತ್ರಗಳನ್ನು ಯಾವ ಮಾನದಂಡಗಳಿಂದ ಅಳೆಯಲಾಗಿದೆ, ಆ ಮಾನದಂಡಗಳ ಚರಿತ್ರೆ ಏನು, ಅಂತಹ ಚಿತ್ರಗಳನ್ನು ತೂಗಲು ಚಿತ್ರದುರ್ಗ ಸೀಮೆಯ ಜಾನಪದ ನೋಡುಗ ಪರಂಪರೆಯಿಂದ ನಾವು ಏನನ್ನು ಪಡೆಯಬಹುದು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಜಾನಪದ ವಿದ್ಯಾರ್ಥಿಯೊಬ್ಬನಿಗೆ ಜಪಾನಿನ ಸಿನಿಮಾದ ಉಸಾಬರಿ ಏಕೆ ಎಂದು ಕೇಳಬಹುದು. ಇದಕ್ಕೆ ವೈಯಕ್ತಿಕವಾದ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಸಣ್ಣದೊಂದು ಚಿತ್ರೋತ್ಸವದ ಪ್ರಾಥಮಿಕ ಆಯ್ಕೆ ಸಮಿತಿಯಲ್ಲಿ ಜಾನಪದ ತಜ್ಞನೆಂಬ ನೆಲೆಯಲ್ಲಿ ನನ್ನನ್ನು ಸೇರಿಸಿಕೊಂಡಿದ್ದರು. ಕಥೆ, ಅಭಿನಯ, ಛಾಯಾಗ್ರಹಣ, ಸಂಕಲನ ಎಂದು ಅಂಕಣಗಳನ್ನು ಎಳೆದ ಹಾಳೆಯೊಂದನ್ನು ಕೊಟ್ಟಿದ್ದರು. ಜಪಾನಿನ ಹೊಸ ನಿರ್ದೇಶಕರೊಬ್ಬರ ಚಿತ್ರ ಸರದಿಗೆ ಬಂದಾಗ ರಾತ್ರಿ ಬಹಳವಾಗಿತ್ತು. ಮೊದಲ ಇಪ್ಪತ್ತು ನಿಮಿಷ ನೋಡಿದೆ. ಮಾತಿಲ್ಲ, ಕಥೆ ಮುಂದೆ ಸಾಗುತ್ತಿಲ್ಲ ಎನಿಸಿತು. ಉಳಿದುದನ್ನು ಓಡಿಸಿಕೊಂಡು ನೋಡಿ, ಅಂಕಣಗಳಲ್ಲಿ ಕಡಿಮೆ ಅಂಕಗಳನ್ನು ತುಂಬಿದೆ. ಚಿತ್ರ ಮುಂದಿನ ಸುತ್ತಿಗೆ ಹೋಗಲಿಲ್ಲ. ಅದೇ ಚಿತ್ರವನ್ನು ಮತ್ತೊಮ್ಮೆ ಪೂರ್ತಿಯಾಗಿ ನೋಡುವ ಅವಕಾಶ ಬಂದಾಗ, ಕೊನೆಯ ಭಾಗವು ಆರಂಭದ ಮೌನಕ್ಕೆ ಅರ್ಥ ತುಂಬುವ ಬಗೆ ಕಂಡಿತು. ಆಗ ಅಂಕಗಳನ್ನು ತಿದ್ದುವ ಅವಕಾಶ ಉಳಿದಿರಲಿಲ್ಲ. ಈ ಬರಹ ಒಂದರ್ಥದಲ್ಲಿ ಆ ತಪ್ಪಿನ ಲೆಕ್ಕ ಒಪ್ಪಿಸುವ ಪ್ರಯತ್ನ.

1. ಮಂಗಳಕ್ಕೆ ಮುಂಚೆ ತೀರ್ಪಿಲ್ಲ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ಬಯಲಾಟ, ಕೋಲಾಟ, ವೀರಗಾಸೆ, ಭಜನೆ, ಮೌಖಿಕ ಮಹಾಕಾವ್ಯಗಳ ಸಮೃದ್ಧ ನೆಲೆಗಳು. ಈ ಪ್ರದರ್ಶನ ಕಲೆಗಳ ಕುರಿತು ಕನ್ನಡದಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಬಹುಪಾಲು ಅಧ್ಯಯನಗಳು ಕಲಾವಿದರನ್ನು, ಪಠ್ಯವನ್ನು, ವೇಷಭೂಷಣವನ್ನು ಕುರಿತವು. ನೋಡುಗರು ಹೇಗೆ ನೋಡುತ್ತಾರೆ, ಹೇಗೆ ತೂಗುತ್ತಾರೆ ಎಂಬುದು ಅಂಚಿನಲ್ಲೇ ಉಳಿದಿದೆ.

ಮೂಡಲಪಾಯ ಬಯಲಾಟದ ಸಂದರ್ಭವನ್ನು ಗಮನಿಸೋಣ. ಊರಿನ ಹುಡುಗರೇ ಪಾತ್ರಧಾರಿಗಳು. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಆಟದ ರಾತ್ರಿ ಮೊದಲ ಸಲ ಬಣ್ಣ ಹಚ್ಚಿದವನು ಪದ ಮರೆಯುತ್ತಾನೆ, ಹೆಜ್ಜೆ ತಪ್ಪುತ್ತಾನೆ. ನೋಡುಗರು ನಗುತ್ತಾರೆ, ಕೂಗುತ್ತಾರೆ, ಮೆಚ್ಚಿದರೆ ಆಟದ ನಡುವೆಯೇ ರಂಗವೇರಿ ಬಹುಮಾನವನ್ನೂ ಕೊಡುತ್ತಾರೆ. ಇವೆಲ್ಲ ಆಯಾ ಗಳಿಗೆಯ ಪ್ರತಿಕ್ರಿಯೆಗಳು. ಆಟ ಹೇಗಾಯಿತು ಎಂಬ ಮಾತು ಹುಟ್ಟುವುದು ಬೆಳಗಿನ ಮಂಗಳವಾದ ಮೇಲೆಯೇ. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಡುರಾತ್ರಿ ಎದ್ದು ಹೊರಟಿದ್ದ ನನಗೆ ಹಿರಿಯರೊಬ್ಬರು, ಆಟ ಮುಗಿಯುವ ತನಕ ಕೂರದವನಿಗೆ ಆಟದ ಬಗ್ಗೆ ಮಾತಾಡುವ ಹಕ್ಕಿಲ್ಲವೆಂಬ ಅರ್ಥದಲ್ಲಿ ತಿಳಿಹೇಳಿದ್ದರು. ಸಂಜೆಯ ಹೊತ್ತಿಗೆ ಸೋತಂತೆ ಕಂಡ ಹುಡುಗ ಬೆಳಗಿನ ಜಾವದ ಯುದ್ಧದಲ್ಲಿ ಗೆಲ್ಲಬಹುದು ಎಂಬ ವಿವೇಕ ಅಲ್ಲಿದೆ.

ಹಿರಿಯೂರು ಮತ್ತು ಅದಕ್ಕೆ ಹೊಂದಿದ ಶಿರಾ ಸೀಮೆಯ ಕಾಡುಗೊಲ್ಲರಲ್ಲಿ ಪ್ರಚಲಿತವಿರುವ ಜುಂಜಪ್ಪನ ಕಾವ್ಯದ ಗಾಯನದಲ್ಲಿ ತೀರ್ಪಿನ ಇನ್ನೊಂದು ಮಾದರಿ ಇದೆ. ಇಲ್ಲಿ ಗಾಯಕನಿಗೆ ಗಣೆಯೆಂಬ ಉದ್ದನೆಯ ಕೊಳಲು ಜೊತೆಯಾಗಿರುತ್ತದೆ. ಮಾತು ನಿಂತು ನಾದವಷ್ಟೇ ಉಳಿಯುವ ಗಳಿಗೆಗಳು ಕಾವ್ಯದ ಖಾಲಿ ಜಾಗಗಳಲ್ಲ. ಕೇಳುಗ ತಾನು ಕೇಳಿದ್ದನ್ನು ಮನಸ್ಸಿನಲ್ಲಿ ಕಾಣುವ ಸಮಯವದು. ಕಾವ್ಯ ಕುಲದೈವಕ್ಕೆ ಸಂಬಂಧಿಸಿದ್ದಾದ್ದರಿಂದ ಕೇಳುಗರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಅವರು ತೂಗುವುದು ಕಥೆಯ ಹೊಸತನವನ್ನಲ್ಲ, ಹೇಳುವಿಕೆಯ ನಿಷ್ಠೆಯನ್ನು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರ ಆಧುನಿಕ ರಂಗಭೂಮಿಯನ್ನು ಈ ಗ್ರಾಮೀಣ ನೋಡುಗರೊಡನೆ ಬೆಸೆದ ಪ್ರಯೋಗ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ ನಾಟಕಗಳು ಸಾಣೇಹಳ್ಳಿಯಿಂದ ಹೊರಟು ನಾಡನ್ನು ಸುತ್ತುತ್ತವೆ. ಯುವ ನಟರು ಒಂದೇ ನಾಟಕವನ್ನು ಊರೂರುಗಳ ಮುಂದೆ ಒಡ್ಡುವುದರಿಂದ ಅವರ ಮೇಲಿನ ತೀರ್ಪು ಒಂದೇ ರಾತ್ರಿಯಲ್ಲಿ, ಒಂದೇ ಸಮಿತಿಯಲ್ಲಿ ಮುಗಿದುಹೋಗುವುದಿಲ್ಲ. ಹೊಸಬರಿಗೆ ಇದು ದೊಡ್ಡ ರಕ್ಷಣೆ.

ಹೀಗೆಂದು ಜಾನಪದ ನೋಡುಗ ಪರಂಪರೆಯನ್ನು ಆದರ್ಶವೆಂದು ವೈಭವೀಕರಿಸುವುದು ಸಲ್ಲದು. ಬಯಲಾಟದ ಅಟ್ಟದ ಮೇಲೆ ಸ್ತ್ರೀಪಾತ್ರಗಳನ್ನು ಬಹುಕಾಲ ಗಂಡಸರೇ ಮಾಡಿದರು. ಆಟದ ಬಯಲಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಯಾರ ಮೆಚ್ಚುಗೆ ತೀರ್ಪಾಗುತ್ತದೆ, ಯಾರ ಮೆಚ್ಚುಗೆ ಬರಿಯ ಗದ್ದಲವಾಗುತ್ತದೆ ಎಂಬುದರಲ್ಲಿ ಊರಿನ ಯಜಮಾನಿಕೆಯ ಪಾತ್ರವಿತ್ತು. ಇಂದಿನ ತೀರ್ಪುಗಾರ ಮಂಡಳಿಗಳ ರಚನೆಯ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕಾಗಿದೆ.

2. ದುರ್ಗದ ಎರಡು ಚಿತ್ರಗಳು, ಎರಡು ತೀರ್ಪುಗಳು

ಸಿನಿಮಾ ಮತ್ತು ಚಿತ್ರದುರ್ಗದ ನಂಟನ್ನು ನೆನೆದಾಗ ಮೊದಲು ಬರುವ ಹೆಸರು ತ.ರಾ. ಸುಬ್ಬರಾಯರದು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಚಿತ್ರವನ್ನು ನಿರ್ದೇಶಿಸಿದರು. ದುರ್ಗದ ಕೋಟೆ ಆ ಚಿತ್ರದಲ್ಲಿ ಹಿನ್ನೆಲೆಯಾಗಿರದೆ ಪಾತ್ರವೇ ಆಗಿದೆ. ಪುಟ್ಟಣ್ಣ ಆ ವೇಳೆಗೆ ಹೊಸಬರಲ್ಲ. ನಾಯಕನಾಗಿ ವಿಷ್ಣುವರ್ಧನ್ ಮತ್ತು ಸಣ್ಣ ಪಾತ್ರವೊಂದರಲ್ಲಿ ಅಂಬರೀಶ್ ಹೊಸಬರು. ಜನ ಚಿತ್ರವನ್ನು ತಲೆಯ ಮೇಲೆ ಹೊತ್ತುಕೊಂಡರು. ಆದರೆ ಕಾದಂಬರಿಕಾರರಿಗೆ ಸಮಾಧಾನವಿರಲಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಅವರು ಕಟಕಿಯಾಡಿದ್ದು ಜನಜನಿತವಾಗಿದೆ.

ಇಲ್ಲಿ ಎರಡು ಮಾನದಂಡಗಳು ಎದುರಾಗಿವೆ. ಸುಬ್ಬರಾಯರು ಮೂಲಕ್ಕೆ ನಿಷ್ಠೆಯನ್ನು ಕೇಳಿದರು. ಜನ ತೆರೆಯ ಮೇಲಿನ ಅನುಭವವನ್ನು ಕೇಳಿದರು. ಜಾನಪದದ ದೃಷ್ಟಿಯಿಂದ ಮೂರನೆಯದೊಂದು ಪರಿಣಾಮ ಇನ್ನೂ ಮುಖ್ಯ. ಒನಕೆ ಓಬವ್ವನ ಐತಿಹ್ಯ ಆ ಚಿತ್ರದ ಹಾಡಿನ ಮೂಲಕ ದೃಶ್ಯರೂಪ ಪಡೆಯಿತು. ಇಂದು ಓಬವ್ವನ ಕಿಂಡಿಯ ಮುಂದೆ ನಿಂತು ಕಥೆ ಕೇಳುವವರಲ್ಲಿ ಹಲವರ ಕಣ್ಣಿಗೆ ಕಟ್ಟುವುದು ಜಯಂತಿ ಅಭಿನಯಿಸಿದ ಓಬವ್ವ. ಸಿನಿಮಾವೊಂದು ಮೌಖಿಕ ಪರಂಪರೆಯೊಳಗೆ ಇಳಿದು ಅದನ್ನೇ ಬದಲಿಸಿದ ಈ ಸಂಗತಿಯನ್ನು ಬಿಡುಗಡೆಯ ದಿನ ಯಾವ ತೀರ್ಪುಗಾರನೂ ಊಹಿಸಲಾರ. ಕಾಲವೂ ಒಂದು ತೀರ್ಪುಗಾರ ಮಂಡಳಿ.

ಎರಡನೆಯದು 'ಹಂಸಗೀತೆ'. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನವರ ಬದುಕನ್ನು ಕುರಿತ ಸುಬ್ಬರಾಯರ ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ತೆರೆಗೆ ತಂದರು. ಆ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು, ಎಂ. ಬಾಲಮುರಳೀಕೃಷ್ಣ ಅವರಿಗೆ ಅತ್ಯುತ್ತಮ ಗಾಯಕ ಪ್ರಶಸ್ತಿ ಬಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಕಾದಂಬರಿಯ ಕೇಂದ್ರದಲ್ಲಿರುವುದೂ ತೀರ್ಪಿನ ಪ್ರಶ್ನೆಯೇ: ಕಲಾವಿದ ಹಾಡುವುದು ಯಾರ ಮೆಚ್ಚುಗೆಗಾಗಿ?

ಇದೇ ದಶಕದಲ್ಲಿ ಕನ್ನಡದ ಹೊಸ ನಿರ್ದೇಶಕರು ಸಮಿತಿಗಳ ವಿರುದ್ಧ ತೀರ್ಪುಗಳ ನಡುವೆ ಹಾದುಬಂದರು. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' 1970ರಲ್ಲಿ ಸೆನ್ಸಾರ್ ಮಂಡಳಿಯಿಂದ ನಿಷೇಧಕ್ಕೊಳಗಾಗಿ, ಅನಂತರ ಬಿಡುಗಡೆ ಪಡೆದು, ಅದೇ ಸಾಲಿನ ದೇಶದ ಅತ್ಯುತ್ತಮ ಚಿತ್ರವೆಂಬ ಗೌರವಕ್ಕೆ ಪಾತ್ರವಾಯಿತು. ಒಂದೇ ಚಿತ್ರ, ಒಂದೇ ಪ್ರಭುತ್ವದ ಎರಡು ಸಮಿತಿಗಳು, ಎರಡು ತುದಿಯ ತೀರ್ಪುಗಳು. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ 'ಘಟಶ್ರಾದ್ಧ' ಸ್ವರ್ಣಕಮಲ ಪಡೆದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

3. ಜಪಾನಿನಲ್ಲಿ ಹೊಸಬರ ಪರೀಕ್ಷೆ

ಜಪಾನಿನಲ್ಲಿ ದೀರ್ಘಕಾಲ ನಿರ್ದೇಶಕರನ್ನು ರೂಪಿಸಿದ್ದು ಶೋಚಿಕು, ತೊಹೊ, ದಾಯೆಯಿ, ನಿಕ್ಕತ್ಸು, ತೋಯೆಯಿಯಂತಹ ಸ್ಟುಡಿಯೋಗಳು. ಯುವಕನೊಬ್ಬ ವರ್ಷಗಟ್ಟಲೆ ಸಹಾಯಕನಾಗಿ ದುಡಿದು, ಹಿರಿಯರ ಒಪ್ಪಿಗೆ ಪಡೆದು ನಿರ್ದೇಶಕನಾಗುತ್ತಿದ್ದ. ಇದು ನಮ್ಮ ಗುರುಮನೆಯ ಪದ್ಧತಿಗೆ ಹತ್ತಿರವಾದದ್ದು. ಈ ವ್ಯವಸ್ಥೆಯಲ್ಲಿ ಹಿರಿಯನೊಬ್ಬ ಕಿರಿಯನ ಪರ ನಿಂತ ಪ್ರಸಂಗವನ್ನು ಅಕಿರಾ ಕುರೋಸಾವಾ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1943ರಲ್ಲಿ ಅವರ ಮೊದಲ ಚಿತ್ರ 'ಸನ್‌ಶಿರೊ ಸುಗಾತಾ' ಯುದ್ಧಕಾಲದ ಸೆನ್ಸಾರ್ ಅಧಿಕಾರಿಗಳ ಮುಂದೆ ಬಂದಾಗ ಅವರು ಕಟುವಾಗಿ ಟೀಕಿಸಿದರು. ಅಲ್ಲಿದ್ದ ಹಿರಿಯ ನಿರ್ದೇಶಕ ಯಸುಜಿರೊ ಓಜು ನೂರಕ್ಕೆ ನೂರಿಪ್ಪತ್ತು ಅಂಕ ಕೊಡುವುದಾಗಿ ಹೇಳಿ ಹೊಸಬನನ್ನು ಅಭಿನಂದಿಸಿದರು. ಓಜು ಅವರ ಶಾಂತ ಶೈಲಿಗೂ ಕುರೋಸಾವಾ ಅವರ ಆವೇಶಕ್ಕೂ ಅಜಗಜಾಂತರವಿದೆ. ತನ್ನ ರುಚಿಗಿಂತ ಭಿನ್ನವಾದುದರಲ್ಲಿ ಗುಣ ಕಾಣಬಲ್ಲವನೇ ತೀರ್ಪುಗಾರನಾಗಲು ಯೋಗ್ಯ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕುರೋಸಾವಾ ಅವರ 'ರಾಶೊಮೊನ್' ಪ್ರಸಂಗ ಇನ್ನೊಂದು ಪಾಠ ಹೇಳುತ್ತದೆ. 1950ರ ಈ ಚಿತ್ರಕ್ಕೆ 'ಕಿನೆಮಾ ಜುನ್ಪೊ' ಪತ್ರಿಕೆಯ ವಾರ್ಷಿಕ ಪಟ್ಟಿಯಲ್ಲಿ ದೊರೆತದ್ದು ಐದನೆಯ ಸ್ಥಾನ. ಮರುವರ್ಷ ವೆನಿಸ್ ಉತ್ಸವದಲ್ಲಿ ಅದು ಸ್ವರ್ಣಸಿಂಹ ಪಡೆದು ಜಪಾನಿ ಸಿನಿಮಾದತ್ತ ಲೋಕದ ಕಣ್ಣು ತಿರುಗಿಸಿತು. ಹೊರಗಿನವರ ಕಣ್ಣು ಕೆಲವೊಮ್ಮೆ ಒಳಗಿನವರು ಕಾಣದ್ದನ್ನು ಕಾಣುತ್ತದೆ. ಹಾಗೆಂದು ಹೊರಗಿನ ಮನ್ನಣೆಯನ್ನೇ ಅಂತಿಮವೆನ್ನುವಂತಿಲ್ಲ. ಹೊರಗಿನ ತೀರ್ಪುಗಾರ ತನ್ನ ಕಲ್ಪನೆಯ ಜಪಾನನ್ನು ಅಲ್ಲಿ ಹುಡುಕುವ ಅಪಾಯವೂ ಇದೆ.

ಸ್ವತಂತ್ರ ಚಿತ್ರಗಳ ಧಾರೆ ಸ್ಟುಡಿಯೋಗಳ ಅಂಚಿನಲ್ಲಿ ಬೆಳೆಯಿತು. ಕನೆತೊ ಶಿಂದೊ ಮತ್ತು ಸಂಗಡಿಗರು 1950ರಲ್ಲೇ ಸ್ವಂತ ಸಂಸ್ಥೆ ಕಟ್ಟಿದ್ದರು. ಅವರ 'ನಗ್ನ ದ್ವೀಪ' 1961ರಲ್ಲಿ ಮಾಸ್ಕೋ ಉತ್ಸವದ ಹಿರಿಯ ಪ್ರಶಸ್ತಿಯನ್ನು ಹಂಚಿಕೊಂಡಿತು. ನಾಗಿಸಾ ಓಶಿಮಾ ಅವರ 'ಜಪಾನಿನಲ್ಲಿ ಇರುಳು ಮತ್ತು ಮಂಜು' 1960ರಲ್ಲಿ ತೆರೆಕಂಡ ಕೆಲವೇ ದಿನಗಳಲ್ಲಿ ಶೋಚಿಕು ಅದನ್ನು ಹಿಂತೆಗೆದುಕೊಂಡಿತು. ಓಶಿಮಾ ಸಂಸ್ಥೆಯನ್ನು ತೊರೆದರು. 1961ರಲ್ಲಿ ಸ್ಥಾಪನೆಯಾದ ಆರ್ಟ್ ಥಿಯೇಟರ್ ಗಿಲ್ಡ್ 1960ರ ದಶಕದ ಕೊನೆಯಲ್ಲಿ ಸುಮಾರು ಒಂದು ಕೋಟಿ ಯೆನ್ ವೆಚ್ಚದ ಚಿತ್ರಗಳಿಗೆ ನಿರ್ದೇಶಕರೊಡನೆ ಪಾಲುದಾರನಾಯಿತು. ಆಯ್ಕೆ ಮಾಡುವವರು ನಷ್ಟದಲ್ಲೂ ಪಾಲು ಹೊರುವ ಕ್ರಮವಿದು.

1977ರಲ್ಲಿ 'ಪಿಯಾ' ಪತ್ರಿಕೆಯ ಆಶ್ರಯದಲ್ಲಿ ಆರಂಭವಾದ ಪಿಯಾ ಚಿತ್ರೋತ್ಸವ ಹೊಸಬರ ಚರಿತ್ರೆಯಲ್ಲಿ ಮಹತ್ವದ ತಿರುವು. ಸ್ವಂತ ಹಣ, ಗೆಳೆಯರ ನೆರವು, ಎಂಟು ಮಿಲಿಮೀಟರ್ ಕ್ಯಾಮರಾಗಳಿಂದ ತಯಾರಾದ ಚಿತ್ರಗಳನ್ನು ಜಪಾನಿಗರು 'ಜಿಶು ಎಯ್ಗಾ' ಎನ್ನುತ್ತಾರೆ. ತಾವೇ ಮುಂದಾಗಿ ಮಾಡಿದ ಚಿತ್ರ ಎಂದು ಅರ್ಥ. ಕಿಯೊಶಿ ಕುರೋಸಾವಾ, ಶಿನ್ಯಾ ತ್ಸುಕಾಮೊತೊ, ಸಿಯೊನ್ ಸೊನೊ ಮೊದಲಾದವರು ಈ ಹಾದಿಯಿಂದ ಬಂದವರು. ಈ ಉತ್ಸವದ ಎರಡು ಪದ್ಧತಿಗಳು ನಮ್ಮ ಚರ್ಚೆಗೆ ಮುಖ್ಯವಾಗಿವೆ. ಮೊದಲನೆಯದು, ಸ್ಪರ್ಧೆಗೆ ಬಂದ ಪ್ರತಿಯೊಂದು ಚಿತ್ರವನ್ನೂ ಆಯ್ಕೆ ಸಮಿತಿಯ ಒಬ್ಬರಿಗಿಂತ ಹೆಚ್ಚು ಸದಸ್ಯರು ನಡುವೆ ನಿಲ್ಲಿಸದೆ ಕೊನೆಯವರೆಗೆ ನೋಡಬೇಕೆಂಬ ನಿಯಮ. ಎರಡನೆಯದು, 1984ರಿಂದ ವಿಜೇತರಲ್ಲಿ ಆಯ್ದವರಿಗೆ ಮುಂದಿನ ಚಿತ್ರ ನಿರ್ಮಿಸಲು ಬೆಂಬಲ ನೀಡುವ ಯೋಜನೆ. ಮೊದಲನೆಯದು ಮಂಗಳದ ತನಕ ಕೂರುವ ಶಿಸ್ತು. ಎರಡನೆಯದು ತೀರ್ಪಿನ ಜೊತೆಗೆ ಹೊಣೆಯನ್ನೂ ಹೊರುವ ಶಿಸ್ತು. ಊರಿನವರೇ ಚಂದಾ ಎತ್ತಿ, ಭಾಗವತನನ್ನು ಸಾಕಿ, ಆಟ ಆಡಿಸಿ, ಅನಂತರ ತೂಗುವ ಬಯಲಾಟದ ಕ್ರಮಕ್ಕೆ ಇದು ಅಷ್ಟೇನೂ ದೂರದ್ದಲ್ಲ.

ಪೂರ್ತಿ ನೋಡುವ ನಿಯಮದ ಮಹತ್ವವನ್ನು ಶಿನಿಚಿರೊ ಉಎದಾ ಅವರ, 'ಕ್ಯಾಮರಾ ನಿಲ್ಲಿಸಬೇಡಿ' ಎಂಬ ಅರ್ಥದ ಶೀರ್ಷಿಕೆಯುಳ್ಳ 2017ರ ಚಿತ್ರ ಸ್ಪಷ್ಟಪಡಿಸುತ್ತದೆ. ತರಬೇತಿ ಶಾಲೆಯೊಂದರ ಕಾರ್ಯಾಗಾರದಿಂದ ಸುಮಾರು 30 ಲಕ್ಷ ಯೆನ್ ವೆಚ್ಚದಲ್ಲಿ ಮೂಡಿದ ಚಿತ್ರವಿದು. ಮೊದಲ 37 ನಿಮಿಷಗಳು ಒಂದೇ ಚಿತ್ರಿಕೆ. ಅದರಲ್ಲಿ ನಟನೆ ತಡವರಿಸುತ್ತದೆ, ಮಾತು ತಪ್ಪುತ್ತದೆ, ಎಲ್ಲವೂ ಕಳಪೆಯೆನಿಸುತ್ತದೆ. ಆ ದೋಷಗಳು ಹೇಗೆ ಸಂಭವಿಸಿದವು ಎಂಬುದನ್ನು ಉಳಿದ ಭಾಗ ತೋರಿಸಿದಾಗ ಪ್ರತಿಯೊಂದು ತಪ್ಪೂ ಅರ್ಥಪೂರ್ಣವಾಗುತ್ತದೆ. 2018ರ ಜೂನ್‌ನಲ್ಲಿ ಎರಡು ಚಿತ್ರಮಂದಿರಗಳಲ್ಲಿ ಬಿಡುಗಡೆಯಾದ ಇದು ನೋಡಿದವರ ಬಾಯಿಮಾತಿನಿಂದಲೇ 300ಕ್ಕೂ ಹೆಚ್ಚು ಚಿತ್ರಮಂದಿರಗಳಿಗೆ ಹಬ್ಬಿತು. ಇಪ್ಪತ್ತು ನಿಮಿಷಕ್ಕೆ ಅಂಕ ಬರೆಯುವ ನನ್ನಂತಹ ಸಮಿತಿ ಸದಸ್ಯನ ಕೈಗೆ ಸಿಕ್ಕಿದ್ದರೆ ಇದರ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಅಳುಕಾಗುತ್ತದೆ.

ಜಪಾನಿನ ಹೊರಗೆ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 2000ದಲ್ಲಿ ಆರಂಭವಾದ 'ನಿಪ್ಪಾನ್ ಕನೆಕ್ಷನ್' ಉತ್ಸವದಲ್ಲಿ ಹೊಸ ನಿರ್ದೇಶಕರಿಗೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿ ತೀರ್ಪುಗಾರರ ಪ್ರಶಸ್ತಿಯೊಂದಿಗೆ ಪ್ರೇಕ್ಷಕರ ಪ್ರಶಸ್ತಿಯನ್ನೂ ಕೊಡುತ್ತ ಬಂದಿದ್ದಾರೆ. ತಜ್ಞರು ಮತ್ತು ಬಯಲಿನ ನೋಡುಗರು ಇಬ್ಬರಿಗೂ ಸ್ಥಾನವಿರುವ ಈ ಏರ್ಪಾಡು ವಿವೇಕದ್ದು.

4. ಕಥೆಯ ವಲಸೆ ಮತ್ತು ಅನುಕರಣೆಯ ಆರೋಪ

ಕನ್ನಡ ಮತ್ತು ಜಪಾನಿ ಸಿನಿಮಾಗಳು ನೇರವಾಗಿ ಮುಖಾಮುಖಿಯಾದದ್ದು ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ. 1978ರ ಈ ಚಿತ್ರ ಕುರೋಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯನ್ನು ಬಚ್ಚಿಡುವುದಿಲ್ಲ. ಶಂಕರ್ ನಾಗ್ ಅವರಿಗೆ ಇದು ಮೊದಲ ಚಿತ್ರ. ಅದರ ಅಭಿನಯಕ್ಕಾಗಿ ಅವರು 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಇದನ್ನು ಅನುಕರಣೆ ಎನ್ನಬೇಕೆ? ಕಥೆಯೊಂದು ವಲಸೆ ಹೋಗಿ ಹೊಸ ನೆಲದ ಗುಣ ಹೀರಿ ಪ್ರಾದೇಶಿಕ ರೂಪ ತಾಳುವುದನ್ನು ಜಾನಪದ ವಿದ್ವಾಂಸ ಸಿ.ಡಬ್ಲ್ಯು. ವಾನ್ ಸಿಡೋ ವಿವರಿಸಿದ್ದಾರೆ. ಒಡೆಯನಿಲ್ಲದ ಸಮುರಾಯಿ ಕನ್ನಡ ನೆಲದಲ್ಲಿ ದಾಯಾದಿ ಕಲಹದ ನಡುವೆ ಸಿಕ್ಕ ಬಾಡಿಗೆ ಯೋಧ ಗಂಡುಗಲಿಯಾದದ್ದು ಇಂತಹ ರೂಪಾಂತರ. ಪಾಳೆಯಗಾರರ ಐತಿಹ್ಯಗಳನ್ನು ಕೇಳಿ ಬೆಳೆದ ದುರ್ಗದ ಸೀಮೆಯವರಿಗೆ ಆ ಲೋಕ ಪರಕೀಯವಲ್ಲ.

ವಲಸೆ ಇಮ್ಮುಖವಾದದ್ದು ಎಂಬುದನ್ನೂ ಮರೆಯಬಾರದು. 'ರಾಶೊಮೊನ್' ಚಿತ್ರಕ್ಕೆ ಆಧಾರವಾದ ಅಕುತಾಗಾವಾ ಅವರ ಕಥೆಗಳ ಬೇರು 'ಕೊಂಜಾಕು ಮೊನೊಗತಾರಿ' ಎಂಬ ಪ್ರಾಚೀನ ಕಥಾಸಂಗ್ರಹದಲ್ಲಿದೆ. ಆ ಸಂಗ್ರಹದ ಮೊದಲ ಭಾಗಗಳು ಭಾರತದ ಕಥೆಗಳಿಗೇ ಮೀಸಲು. ನಮ್ಮ ಋಷ್ಯಶೃಂಗನ ಕಥೆಯೂ ಏಕಶೃಂಗನಾಗಿ ಜಪಾನನ್ನು ಸೇರಿ ನೋ ಮತ್ತು ಕಬುಕಿ ರಂಗಭೂಮಿಗಳವರೆಗೆ ಬೆಳೆದಿದೆ.

ಈ ಹಿನ್ನೆಲೆ ತೀರ್ಪುಗಾರನಿಗೆ ಏಕೆ ಬೇಕು ಎಂಬುದಕ್ಕೆ ಚಿಎ ಹಯಾಕಾವಾ ಅವರ ಮೊದಲ ಕಥಾಚಿತ್ರ 'ಪ್ಲಾನ್ 75' ಉತ್ತಮ ಉದಾಹರಣೆ. ಎಪ್ಪತ್ತೈದು ತುಂಬಿದವರಿಗೆ ಪ್ರಭುತ್ವವೇ ಸಾವಿನ ಆಯ್ಕೆಯನ್ನು ಒದಗಿಸುವ ಕಥೆಯಿದು. 2022ರಲ್ಲಿ ಕಾನ್ ಉತ್ಸವದಲ್ಲಿ ಮೊದಲ ಚಿತ್ರಗಳಿಗೆ ಮೀಸಲಾದ ಕ್ಯಾಮೆರಾ ದೋರ್ ವಿಭಾಗದಲ್ಲಿ ವಿಶೇಷ ಉಲ್ಲೇಖ ಪಡೆಯಿತು. ಇದನ್ನು ಭವಿಷ್ಯದ ಕಲ್ಪನೆಯೆಂದಷ್ಟೇ ನೋಡಬಹುದು. ಆದರೆ ಮುದಿ ತಾಯ್ತಂದೆಯರನ್ನು ಬೆಟ್ಟದ ಮೇಲೆ ಬಿಟ್ಟುಬರುವ 'ಉಬಾಸುತೆ' ಐತಿಹ್ಯವನ್ನು ಬಲ್ಲವರಿಗೆ ಚಿತ್ರದ ಒಡಲಲ್ಲಿ ಹಳೆಯ ಭಯವೊಂದು ಮಿಡಿಯುವುದು ಕೇಳಿಸುತ್ತದೆ. ಮುದಿ ಅತ್ತೆಗೆ ಚಿಪ್ಪಿನಲ್ಲಿ ಉಣ್ಣಲಿಕ್ಕಿ, ಆ ಚಿಪ್ಪೇ ತನಗೂ ಕಾದಿದೆಯೆಂದು ಅರಿತುಕೊಳ್ಳುವ ಸೊಸೆಯ ಕಥೆಯನ್ನು ಕೇಳಿದ ಕನ್ನಡಿಗರಿಗೂ ಅದು ಕೇಳಿಸಬೇಕು.

ಕನ್ನಡದ ಹೊಸಬರೂ ಈಚೆಗೆ ಇಂತಹ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಗೆದ್ದಿದ್ದಾರೆ. ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ, ಜೈಶಂಕರ್ ಆರ್ಯರ್ ಅವರ 'ಶಿವಮ್ಮ' 2022ರಲ್ಲಿ ಬುಸಾನ್ ಉತ್ಸವದ ಏಷ್ಯಾದ ಹೊಸ ನಿರ್ದೇಶಕರ ವಿಭಾಗದಲ್ಲಿ ಪ್ರಶಸ್ತಿ ಪಡೆದವು. ಎರಡರಲ್ಲೂ ವೃತ್ತಿನಟರಲ್ಲದ ಹಳ್ಳಿಯ ಜನ ಅಭಿನಯಿಸಿದ್ದಾರೆ. 1997ರಲ್ಲಿ ಕ್ಯಾಮೆರಾ ದೋರ್ ಪಡೆದ ನವೋಮಿ ಕವಾಸೆ ಅವರ 'ಸುಜಾಕು' ಚಿತ್ರದಲ್ಲೂ ನಾರಾ ಪ್ರಾಂತದ ಹಳ್ಳಿಗರಿದ್ದಾರೆ. ಇಂತಹ ಅಭಿನಯಕ್ಕೆ ವೃತ್ತಿನಟನ ಅಳತೆಗೋಲು ಹಿಡಿಯುವುದು ಬಯಲಾಟದ ಹುಡುಗನನ್ನು ಕಂಪನಿ ನಾಟಕದ ನಟನಿಗೆ ಹೋಲಿಸಿದಂತೆ.

5. ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದು, ಕೃತಿಯನ್ನು ಪೂರ್ತಿಯಾಗಿ ನೋಡದೆ ತೀರ್ಪು ಕೊಡುವುದು ತೀರ್ಪೇ ಅಲ್ಲ. ಎರಡನೆಯದು, ಮೌನ ಮತ್ತು ನಿಧಾನಗಳನ್ನು ದೋಷವೆಂದು ಎಣಿಸುವ ಮುನ್ನ ಅವು ಕೃತಿಯಲ್ಲಿ ಏನು ಕೆಲಸ ಮಾಡುತ್ತಿವೆ ಎಂದು ಕೇಳಬೇಕು. ಹಾಗೆಯೇ ಪ್ರತಿಯೊಂದು ಮೌನವನ್ನೂ ಜಪಾನಿ ಸೌಂದರ್ಯತತ್ತ್ವದ 'ಮಾ' ಎಂಬ ಪರಿಕಲ್ಪನೆಗೆ ಒಪ್ಪಿಸಿ ಹೊಗಳುವುದೂ ಸೋಮಾರಿತನವೇ. ಗಣೆಯ ಉಸಿರಿಗೂ ಪದ ಮರೆತವನ ತಡವರಿಕೆಗೂ ಇರುವ ವ್ಯತ್ಯಾಸವನ್ನು ಕಾಡುಗೊಲ್ಲ ಕೇಳುಗ ಬಲ್ಲ. ಮೂರನೆಯದು, ಕಡಿಮೆ ಹಣದಿಂದ ಆದ ಕೊರತೆಯನ್ನೂ ದೃಷ್ಟಿಯ ಕೊರತೆಯನ್ನೂ ಬೇರ್ಪಡಿಸಿ ನೋಡಬೇಕು. ನಾಲ್ಕನೆಯದು, ಮಂಡಳಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ತೀರ್ಪಿನಷ್ಟೇ ಗಂಭೀರವಾಗಿ ಚರ್ಚಿಸಬೇಕು. ಐದನೆಯದು, ತಿರಸ್ಕರಿಸಿದ ಚಿತ್ರಕ್ಕೆ ಕಾರಣ ಹೇಳುವ ಹೊಣೆಯನ್ನಾದರೂ ತೀರ್ಪುಗಾರರು ಹೊರಬೇಕು.

ಕೊನೆಯ ಮಾತು ಅಂಕಗಳ ಹಾಳೆಯನ್ನು ಕುರಿತದ್ದು. ಬಯಲಾಟದಲ್ಲಿ ಸೋತ ಹುಡುಗ ಮರುವರ್ಷ ಅದೇ ಜನರ ಮುಂದೆ ಮತ್ತೆ ಬಣ್ಣ ಹಚ್ಚುತ್ತಾನೆ, ಆ ಜನ ಅವನನ್ನು ಮತ್ತೆ ನೋಡುತ್ತಾರೆ. ಸಮಿತಿಯ ಹಾಳೆಗೆ ಮರುವರ್ಷವೆಂಬುದಿಲ್ಲ. ಮೊದಲ ಚಿತ್ರಕ್ಕೆ ಕೂಡಿಸಿದ ಹಣ ಕರಗಿದ ಮೇಲೆ ಎರಡನೆಯದನ್ನು ಮಾಡಲಾಗದೆ ನಿಂತುಹೋದವರ ಹೆಸರುಗಳು ಯಾವ ಚರಿತ್ರೆಯಲ್ಲೂ ದಾಖಲಾಗುವುದಿಲ್ಲ. ನಾನು ಕೈಬಿಟ್ಟ ಆ ಚಿತ್ರದ ನಿರ್ದೇಶಕರೂ ಅವರಲ್ಲೊಬ್ಬರಾಗಿರಬಹುದು. ಆದ್ದರಿಂದ ಇಂದು ಯಾವುದೇ ಹೊಸಬರ ಚಿತ್ರದ ಮುಂದೆ ಕುಳಿತಾಗ ಹೊಳಲ್ಕೆರೆ ಸೀಮೆಯ ಆ ಹಿರಿಯರ ಮಾತನ್ನು ನೆನೆದು, ಮಂಗಳವಾಗುವ ತನಕ ಲೇಖನಿಯನ್ನು ಕೈಗೆತ್ತಿಕೊಳ್ಳುವುದಿಲ್ಲ.